ಇಪ್ಪತ್ತು ಬಳೆಗೆ ಒಂದು ಸುತ್ತು

ನಲವತ್ತೆರಡು ಲಕ್ಷದ ವ್ಯವಹಾರ. ಮುಂಗಡ ಒಂದು ಕಾಸಿಲ್ಲ. ಗಡುವು ಏಳು ರಾತ್ರಿ. ಆ ಏಳರಲ್ಲಿ ಯಾವುದಾದರೂ ಒಂದು ರಾತ್ರಿ, ಪೂರ್ತಿ ಒಂದು ಶಿಫ್ಟು, ನೂರು ಸುರುಳಿಗೆ ಕೆಟ್ಟದ್ದು ಎರಡನ್ನು ಮೀರದಿದ್ದರೆ ಯಂತ್ರ ಉಕ್ಕಿನ ಮಿಲ್ಲಿನದು, ದುಡ್ಡು ನಮ್ಮ ಷಡ್ಡಕನದು. ಮೀರಿತೋ, ಸ್ವಂತ ಖರ್ಚಿನಲ್ಲಿ ಬಿಚ್ಚಿಕೊಂಡು, ನೆಲ ಗುಡಿಸಿಕೊಟ್ಟು ಹೋಗಬೇಕು.

ಷಡ್ಡಕ ಅಂದರೆ ನನ್ನ ನಾದಿನಿಯ ಗಂಡ. ಅವನಿಗೇ ಆದದ್ದು ಇದು. ಯಾರೋ ಎಲ್ಲೋ ಕೇಳಿ ಯಾರಿಗೋ ಹೇಳಿದ್ದಲ್ಲ. ಆ ಕಿಟಕಿ ಮುಚ್ಚಿ, ಸ್ವಲ್ಪ ಹತ್ತಿರ ಬನ್ನಿ… ಗಂಟಲು ಎತ್ತರಿಸಿ ಹೇಳುವ ಕತೆಯಲ್ಲ.

ಮೊದಲು ಆ ಮಿಲ್ಲಿನ ಕೆಲಸ ಏನೆಂದು ತಿಳಿದಿರಬೇಕು. ಕೆಂಪಗೆ ಕಾದ ಉಕ್ಕು ರೋಲುಗಳ ನಡುವೆ ಹಿಂಡಿಸಿಕೊಂಡು ಪೆನ್ಸಿಲ್ ದಪ್ಪದ ಸರಳಾಗಿ ಹೊರಬರುತ್ತದೆ. ಸೆಕೆಂಡಿಗೆ ನೂರು ಮೀಟರ್ ವೇಗ. ನೀವು ಒಮ್ಮೆ ಕೆಮ್ಮುವುದರೊಳಗೆ ಬೀದಿಯ ಈ ತುದಿಯಿಂದ ಆ ತುದಿ. ಅಷ್ಟು ವೇಗದ ಸರಳನ್ನು ಗಿರ್ರನೆ ತಿರುಗುವ ಬಾಗಿದ ಕೊಳವೆಯೊಂದು ಬಳೆಬಳೆಯಾಗಿ ಉಗುಳುತ್ತದೆ. ಮಿಲ್ಲಿನವರು ಅವನ್ನು ಬಳೆ ಎಂದೇ ಕರೆಯುವುದು. ಒಂದು ಬಳೆಯೊಳಗೆ ಒಬ್ಬ ಆಳು ಕಾಲು ಮಡಚಿ ಕೂರಬಹುದು. ಬಳೆಗಳು ಒಂದರ ಮೇಲೊಂದು ವಾಲಿಕೊಂಡು, ಉರುಳೆಗಳ ಉದ್ದನೆಯ ಹಾಸಿನ ಮೇಲೆ ಸಾಗುತ್ತ ತಣಿಯುತ್ತ ಬಂದು ಕೊನೆಗೆ ಒಂದು ದುಂಡನೆಯ ಆಳದ ಟಬ್ಬಿಗೆ ಬೀಳುತ್ತವೆ. ಝರ್ರ್… ಅಂತ ಒಂದೇ ಸದ್ದು. ಸೆಕೆಂಡಿಗೆ ಮೂವತ್ತು ಬಳೆ ಬಿದ್ದರೆ ಯಾವ ಕಿವಿ ಬಿಡಿಸಿ ಕೇಳೀತು? ಹಾಗೆ ಪೇರಿಕೊಂಡದ್ದೇ ಆಳೆತ್ತರದ ಸುರುಳಿ, ಎರಡು ಟನ್ ತೂಕ.

ಸರಿಯಾಗಿ ಬಿದ್ದರೆ ಸುರುಳಿ ಸಿಂಬೆಯ ಹಾಗೆ ಒಪ್ಪವಾಗಿ ಕೂರುತ್ತದೆ. ಓರೆಯಾಗಿ ಬಿದ್ದರೆ ಒಂದು ಮಗ್ಗುಲು ಗುಡ್ಡ, ಒಂದು ಮಗ್ಗುಲು ಹಳ್ಳ. ಬಳೆಯೊಳಗೆ ಬಳೆ ಸಿಕ್ಕಿಕೊಳ್ಳುತ್ತದೆ. ತಂತಿ ಎಳೆಯುವ ಗಿರಾಕಿ ಎಳೆದರೆ ಅವನ ಯಂತ್ರದಲ್ಲಿ ಪಟ್ ಎಂದು ಹರಿಯುತ್ತದೆ. ಅವನು ಬೈದು ವಾಪಸ್ ಕಳಿಸುತ್ತಾನೆ. ಆ ಮಿಲ್ಲಿನಲ್ಲಿ ನೂರಕ್ಕೆ ಎಂಟು ಹಾಗೆ ವಾಪಸ್ ಬರುತ್ತಿದ್ದವು.

ಹಿಂದೆ, ಮಿಲ್ಲು ನಿಧಾನವಿದ್ದ ಕಾಲದಲ್ಲಿ, ಟಬ್ಬಿನ ಪಕ್ಕ ಒಬ್ಬ ಆಳು ಉದ್ದನೆಯ ಕೊಕ್ಕೆ ಹಿಡಿದು ನಿಂತು ಬೀಳುವ ಬಳೆಗಳನ್ನು ಆ ಕಡೆ ಈ ಕಡೆ ತಳ್ಳಿ ಸರಿಪಡಿಸುತ್ತಿದ್ದ. ವೇಗ ಹೆಚ್ಚಿದ ಮೇಲೆ ಮನುಷ್ಯನ ಕೈ ಸಾಲದಾಯಿತು, ಆ ಕೆಲಸ ಹೋಯಿತು. ಈಗ ಅದೇ ಕೆಲಸ ಮಾಡಲು ನಮ್ಮ ಷಡ್ಡಕ ಟಬ್ಬಿನ ಬಾಯಲ್ಲಿ ತಿರುಗುವ ಒಂದು ಉಕ್ಕಿನ ತೋಳು ಮಾಡಿದ್ದ. ತೋಳು ಸುತ್ತುತ್ತ ಬಳೆಗಳನ್ನು ಸುತ್ತಲೂ ಸಮನಾಗಿ ಹರಡಬೇಕು. ಎರಡು ವರ್ಷದ ದುಡಿಮೆ. ವರ್ಕ್‌ಶಾಪಿನ ಎರಡು ಲೇತು ಮಾರಿ ಮಾಡಿದ್ದು. ಇದು ನಡೆಯದಿದ್ದರೆ ಮೂರನೆಯ ಲೇತೂ ಹೋಗಿ, ಅವನು ಯಾರದೋ ಕಾರ್ಖಾನೆಯಲ್ಲಿ ಹಾಜರಿ ಹಾಕಬೇಕಿತ್ತು. ಐವತ್ತೆರಡನೇ ವಯಸ್ಸಿನಲ್ಲಿ.

ಮೊದಲ ರಾತ್ರಿ ಕೆಟ್ಟದ್ದು ನೂರಕ್ಕೆ ಒಂಬತ್ತು.

ಯಂತ್ರ ಹಾಕುವ ಮೊದಲು ಎಂಟಿತ್ತು ಅಂದೆನಲ್ಲ. ಹಾಕಿದ ಮೇಲೆ ಒಂಬತ್ತು!

ಎರಡನೇ ರಾತ್ರಿ ತೋಳಿನ ಓರೆ ಬದಲಿಸಿದ. ಒಂಬತ್ತು. ಮೂರನೇ ರಾತ್ರಿ ತೋಳನ್ನು ಕನ್ನಡಿಯಂತೆ ಉಜ್ಜಿಸಿದ. ಹತ್ತು. ನಾಲ್ಕನೇ ರಾತ್ರಿ ಬೇರಿಂಗ್ ಬದಲಾಯಿಸಿದ. ಆ ಬೇರಿಂಗ್ ನನ್ನ ಅಂಗಡಿಯದೇ, ಅದರಲ್ಲಿ ದೋಷವಿರಲಿಲ್ಲ, ಇರಲಿ. ಮತ್ತೆ ಹತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ರಾತ್ರಿ ಶಿಫ್ಟಿನ ಮೇಲ್ವಿಚಾರಕಿ ಒಬ್ಬಾಕೆ. ಎಲ್ಲರೂ ಮೇಡಂ ಅನ್ನುತ್ತಿದ್ದರು. ನಾಲಿಗೆ ಅಂದರೆ ಕಬ್ಬಿಣ ಉಜ್ಜುವ ಅರ. ಪ್ರತಿ ಸಲ ಟಬ್ಬಿನಿಂದ ಸೊಟ್ಟ ಸುರುಳಿ ಏಳುವಾಗ ಕಂಟ್ರೋಲ್ ಕ್ಯಾಬಿನ್ನಿನ ಗಾಜಿನ ಹಿಂದಿನಿಂದ ಬೆರಳೆತ್ತಿ ಎಣಿಸುತ್ತಿದ್ದಳು.

“ಏನ್ ಯಜಮಾನ್ರೇ, ಇವತ್ತು ಯಾರ ತಪ್ಪು? ನಿನ್ನೆ ಬೇರಿಂಗ್ ತಪ್ಪು ಅಂದ್ರಿ.”

“ಹಾಸು ಒಂದು ಕಡೆ ವಾಲಿದೆ ಅನ್ಸುತ್ತೆ ಮೇಡಂ.”

“ಹೂಂ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ.”

ಅವನು ಹಲ್ಲು ಕಡಿದ. ಜೊತೆಗಿದ್ದ ಅವನ ಫಿಟ್ಟರ್ ಸಮಾಧಾನ ಹೇಳಲು ಬಾಯಿ ತೆರೆದ. ಈ ಫಿಟ್ಟರ್ ಹದಿನೆಂಟು ವರ್ಷದಿಂದ ಷಡ್ಡಕನ ಜೊತೆಗೇ ಇರುವವನು, ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ, ಅದಕ್ಕೇ ಎಲ್ಲರೂ ಮೌನಿ ಅಂತ ಕರೆಯುತ್ತಿದ್ದರು.

“ಯಜಮಾನ್ರೇ, ನಾನೊಂದು ಮಾತು ಹೇಳ್ಲಾ…”

“ಬೇಡ.”

ಐದನೇ ರಾತ್ರಿ. ನಡುರಾತ್ರಿ ಎರಡಕ್ಕೆ ರೋಲು ಬದಲಿಸಲು ಮಿಲ್ಲು ನಿಲ್ಲಿಸಿದರು. ಒಂದು ಗಂಟೆಯ ಕೆಲಸ. ಅಷ್ಟು ಹೊತ್ತಿಗಾಗಲೇ ಲೆಕ್ಕ ಕೈಮೀರಿತ್ತು. ಷಡ್ಡಕ ಹೆಲ್ಮೆಟ್ ತೆಗೆದು ಬೆಂಚಿನ ಮೇಲೆ ಒಗೆದು, ಮಿಲ್ಲಿನವರು ಕೊಟ್ಟಿದ್ದ ಮಲಗುವ ಕೋಣೆಗೆ ನಡೆದೇ ಹೊರಟ. ಹಿಂಬಾಗಿಲಿನಾಚೆ ಹತ್ತು ನಿಮಿಷದ ದಾರಿ.

ಆ ದಾರಿಯಲ್ಲೊಂದು ಬಾವಿ. ಕುಡಿಯುವ ನೀರಿನದಲ್ಲ. ರೋಲುಗಳನ್ನು ತಣಿಸಿದ ನೀರು ಉಕ್ಕಿನ ಮೈಯಿಂದ ಉದುರಿದ ಕರಿಯ ಹೊಟ್ಟನ್ನು ಕೊಚ್ಚಿಕೊಂಡು ನೆಲದಡಿಯ ಕಾಲುವೆಯಲ್ಲಿ ಬಂದು ಅದರೊಳಗೆ ಬೀಳುತ್ತದೆ. ಹೊಟ್ಟು ತಳಕ್ಕಿಳಿಯುತ್ತದೆ, ನೀರು ಮೇಲುಳಿಯುತ್ತದೆ. ಒಂದು ಮನೆಯಷ್ಟು ಅಗಲ, ಮೂರು ಮನೆಯಷ್ಟು ಆಳ. ಸುತ್ತ ಕಬ್ಬಿಣದ ಕಟಕಟೆ. ಒಂದೇ ದೀಪ, ಅದೂ ಮಿಣುಕು.

ಮಿಲ್ಲು ನಿಂತಿದ್ದರಿಂದ ಕಾಲುವೆಯೂ ನಿಂತಿತ್ತು. ಎಲ್ಲ ಸುಮ್ಮನೆ. ತಳದಿಂದ ಆಗೊಮ್ಮೆ ಈಗೊಮ್ಮೆ… ಗುಳುಂ.

ಆಮೇಲೆ ಇನ್ನೊಂದು ಸದ್ದು.

ಟಣ್.

ಷಡ್ಡಕ ನಿಂತ. ಕಬ್ಬಿಣದ ಮೇಲೆ ಕಬ್ಬಿಣ. ಸಣ್ಣಗೆ, ಬೆರಳ ಗಿಣ್ಣಿನಿಂದ ಬಾಗಿಲು ತಟ್ಟಿದಷ್ಟು.

ಟಣ್…

ಬಾವಿಯ ಆಚೆ ಬದಿಯಲ್ಲಿ ಒಬ್ಬ ಆಳು ಕಟಕಟೆಗೆ ಒರಗಿ ನೀರು ನೋಡುತ್ತ ನಿಂತಿದ್ದ. ತಲೆಗೆ ಬಟ್ಟೆ ಸುತ್ತಿದ್ದ. ಕೈಯಲ್ಲಿ ತನಗಿಂತ ಉದ್ದದ ಕೊಕ್ಕೆ. ಅದರ ತುದಿಯಿಂದ ಕಟಕಟೆಯನ್ನು ತಟ್ಟುತ್ತಿದ್ದ.

“ಯಾರಪ್ಪಾ ಅದು?” ಷಡ್ಡಕನ ದನಿ ತಾನಾಗಿ ತಗ್ಗಿತು.

“ಇಲ್ಲಿಯವನೇ.”

“ಏನ್ ಮಾಡ್ತಿದ್ದೀರಿ ಇಷ್ಟೊತ್ತಲ್ಲಿ?”

“ಎಣಿಸ್ತಿದ್ದೀನಿ.”

“ಏನನ್ನ?”

ಅವನು ಕೊಕ್ಕೆಯ ತುದಿಯನ್ನು ಮತ್ತೆ ಕಟಕಟೆಗೆ ತಾಗಿಸಿದ. ಟಣ್. ಆಮೇಲೆ ನೀರಿಗೆ ಹೇಳುವವನ ಹಾಗೆ: “ನಿನ್ನ ತೋಳು… ಬಿದ್ದಲ್ಲೇ ಬೀಳಿಸ್ತಿದೆ.”

ಷಡ್ಡಕನಿಗೆ ಮೈಯೆಲ್ಲ ಉರಿಯಿತು. ದೆವ್ವ ಎಂದು ಹೊಳೆಯಲೇ ಇಲ್ಲ ನೋಡಿ. ವ್ಯಾಪಾರಸ್ಥನಿಗೆ ಮೊದಲು ಹೊಳೆಯುವುದು ಪ್ರತಿಸ್ಪರ್ಧಿ. ಎದುರು ಪಾರ್ಟಿಯವರು ಬೇಹಿಗೆ ಬಿಟ್ಟ ಆಳು ಇವನು, ನನ್ನ ಯಂತ್ರದ ಒಳಗುಟ್ಟು ನೋಡಲು ಬಂದಿದ್ದಾನೆ ಅಂತಲೇ ಅಂದುಕೊಂಡ. ಹಿಡಿದು ಕೇಳಿಬಿಡೋಣ ಎಂದು ಕಟಕಟೆ ಸುತ್ತಿಕೊಂಡು ದಾಪುಗಾಲು ಹಾಕಿದ. ಆಚೆ ಬದಿ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ಓಡಿದ ಹೆಜ್ಜೆಯ ಸದ್ದೂ ಇಲ್ಲ. ಅವನು ಒರಗಿದ್ದ ಜಾಗದ ಕಟಕಟೆ ಮುಟ್ಟಿದ…

ಬಿಸಿಯಾಗಿತ್ತು. ಈಗಷ್ಟೇ ಟಬ್ಬಿನಿಂದ ಎತ್ತಿದ ಸುರುಳಿಯ ಹಾಗೆ.

ಮಾರನೇ ರಾತ್ರಿ ಶಿಫ್ಟಿಗೆ ಬಂದವನೇ ಮೇಡಂ ಬಳಿ ಜಗಳಕ್ಕೆ ನಿಂತ.

“ರಾತ್ರಿ ಹೊತ್ತು ಬಾವಿ ಹತ್ರ ಹೊರಗಿನವರನ್ನ ಹೇಗೆ ಬಿಡ್ತೀರಿ? ಕೊಕ್ಕೆ ಹಿಡ್ಕೊಂಡ ಒಬ್ಬ ಆಸಾಮಿ ನನ್ನ ಯಂತ್ರದ ಮೇಲೆ ಟೀಕೆ ಮಾಡ್ತಾನೆ!”

ಮೇಡಂ ಬರೆಯುತ್ತಿದ್ದ ಪೆನ್ನು ನಿಂತಿತು. “ಕೊಕ್ಕೆನಾ?”

“ಹೂಂ ಮೇಡಂ, ಇಷ್ಟುದ್ದ.”

“ಈ ಮಿಲ್ಲಲ್ಲಿ ಕೊಕ್ಕೆ ಇಲ್ಲ. ಎಂಟು ವರ್ಷ ಆಯ್ತು. ಎಲ್ಲಾನೂ ಗುಜರಿಗೆ ಹಾಕಿಸಿದ್ದು ನಾನೇ.” ಆಮೇಲೆ ಪೆನ್ನು ಮತ್ತೆ ಓಡಿತು. “ಇನ್ನೆರಡು ರಾತ್ರಿ ಉಳಿದಿದೆ ನಿಮಗೆ. ಕೆಲಸ ನೋಡಿ.”

ಯಾವತ್ತೂ ಒಂದು ಕುಹಕ ಸೇರಿಸದೆ ಬಿಡದವಳು ಅವತ್ತು ಸೇರಿಸಲಿಲ್ಲ. ಅದು ಷಡ್ಡಕನಿಗೆ ಅಷ್ಟು ಹಿಡಿಸಲಿಲ್ಲ.

ಹೊರಗೆ ಬಂದ ಮೇಲೆ ಮೌನಿ ತೋಳು ಹಿಡಿದೆಳೆದು ಪಿಸುಗುಟ್ಟಿದ. “ಯಜಮಾನ್ರೇ, ಮೊನ್ನೆಯಿಂದ ಅದನ್ನೇ ಹೇಳೋಕೆ ನೋಡ್ತಿದ್ದೆ, ನೀವು ಬಾಯಿ ಬಿಡೋಕೇ ಬಿಡಲಿಲ್ಲ. ಲೋಡಿಂಗ್ ಹುಡುಗ್ರು ಹೇಳಿದ್ರು. ಕೊನೇ ಕೊಕ್ಕೆಯವನು ಇದ್ನಲ್ಲ, ಕೆಲಸ ಹೋದ ದಿನ ಹಾರ ಹಾಕಿಸ್ಕೊಂಡು, ಟೀ ಕುಡಿದು, ಕೊಕ್ಕೆ ವಾಪಸ್ ಕೊಡಲ್ಲ ಅಂತ ಹಟ ಹಿಡಿದು, ಅದನ್ನ ಹೆಗಲ ಮೇಲಿಟ್ಕೊಂಡು ಹಿಂಬಾಗಿಲಿಂದ ಹೋದ್ನಂತೆ.”

“ಆಮೇಲೆ?”

“ಆಮೇಲೆ ಏನಿಲ್ಲ. ಮನೆ ಸೇರಲಿಲ್ಲ.”

“ಬಾವಿಗೆ ಬಿದ್ನಾ?”

“ನೀರೆಲ್ಲಾ ಖಾಲಿ ಮಾಡಿಸಿ ನೋಡಿದ್ರಂತೆ. ಹೊಟ್ಟು ಬಿಟ್ಟು ಏನೂ ಸಿಗಲಿಲ್ಲ. ಕೊಕ್ಕೆನೂ ಇಲ್ಲ, ಅವನೂ ಇಲ್ಲ.”

“ಹೋಗೋ,” ಅಂದ ಷಡ್ಡಕ. “ನನ್ನ ತಲೆ ಕೆಟ್ಟಿರೋದು ಸಾಲ್ದು ಅಂತ ನಿಂದು ಬೇರೆ.”

ಆರನೇ ರಾತ್ರಿ ಇನ್ನೂರ ಎಪ್ಪತ್ತೊಂದು ಸುರುಳಿಯಲ್ಲಿ ಮೂವತ್ತು ಕೆಟ್ಟವು. ನೂರಕ್ಕೆ ಹನ್ನೊಂದು. ಒಂದಂತೂ ಟಬ್ಬಿನಿಂದ ಮೇಲೇಳುವಾಗ ಕುಡಿದವನ ಹಾಗೆ ವಾಲಿ, ದೊಪ್ಪನೆ ಕುಸಿದು, ಬಿಡಿಸಲು ಇಪ್ಪತ್ತು ನಿಮಿಷ ಗ್ಯಾಸ್ ಕಟರ್ ಹಿಡಿಯಬೇಕಾಯಿತು. ಅಷ್ಟರಲ್ಲಿ ಮನೆಯಿಂದ ಫೋನು.

“ರೀ, ಆಯ್ತಾ?”

“ಆಗಲಿಲ್ಲ ಕಣೇ.”

“ಅಕ್ಕನ ಯಜಮಾನ್ರು ಅವತ್ತೇ ಹೇಳಿದ್ರು. ಬೋಲ್ಟು ನಟ್ಟು ಮಾರ್ಕೊಂಡು ಇರಪ್ಪ, ಯಂತ್ರದ ಸಹವಾಸ ಬೇಡ ಅಂತ.”

ನಾನು ಹೇಳಿದ್ದು ನಿಜ. ಆದರೆ ಆ ಹೊತ್ತಿಗೆ ಆಡಬೇಕಾದ ಮಾತಲ್ಲ ಅದು. ಅವನು ಫೋನು ಇಟ್ಟ.

ಎರಡಕ್ಕೆ ಮಿಲ್ಲು ನಿಂತಿತು. ಷಡ್ಡಕ ನೆಟ್ಟಗೆ ಬಾವಿಗೆ ಹೋದ. ಹೆದರಿಕೆ ಇರಲಿಲ್ಲವೇ ಅಂತ ನಾನೂ ಕೇಳಿದೆ. “ಭಾವ, ಕೋಪ ಅಷ್ಟಿದ್ದಾಗ ಹೆದರಿಕೆ ಎಲ್ಲಿ ಕೂರುತ್ತೆ? ಜಾಗ ಇರಬೇಕಲ್ಲ” ಅಂದ.

ಆಳು ಅಲ್ಲೇ ಇದ್ದ. ಅದೇ ಭಂಗಿ. ಟಣ್…

“ಬಿದ್ದಲ್ಲೇ ಬೀಳಿಸ್ತಿದೆ ಅಂದ್ರಲ್ಲ, ಅಂದ್ರೇನು?” ಷಡ್ಡಕ ಈ ಕಡೆಯ ಕಟಕಟೆ ಹಿಡಿದು ನಿಂತು ಕೇಳಿದ. “ಗೊತ್ತಿದ್ರೆ ಬಿಡಿಸಿ ಹೇಳಿ. ಇಲ್ಲಾ ಸುಮ್ನಿರಿ.”

“ಎಷ್ಟು ಬಳೆಗೆ ಒಂದು ಸುತ್ತು, ನಿನ್ನ ತೋಳು?”

“ಇಪ್ಪತ್ತಕ್ಕೆ ಒಂದು. ಕರಾರುವಾಕ್ಕಾಗಿ ಇಪ್ಪತ್ತು. ಒಂದು ಕೂದಲೆಳೆ ಆಚೀಚೆ ಆಗಲ್ಲ, ಅಷ್ಟು ಚೊಕ್ಕ.”

ಬಾವಿಯಾಚೆ ಅವನು ನಕ್ಕ. ನಗು ಅಂದರೆ ಒಣ ಹೊಟ್ಟನ್ನು ತಗಡಿನ ಮೇಲೆ ಸುರಿದ ಹಾಗೆ… ಸರ್ರ್…

“ಇಪ್ಪತ್ತೊಂದನೇದು ಎಲ್ಲಿ ಬೀಳುತ್ತೆ?”

ಷಡ್ಡಕ ಉತ್ತರ ಕೊಡಲು ಬಾಯಿ ತೆರೆದ. ಅಷ್ಟರಲ್ಲಿ ಸದ್ದು ಶುರುವಾಯಿತು. ಬಾವಿಯೊಳಗಿನಿಂದ. ನೀರಿನಡಿಯಿಂದ.

ಝಲ್.

ಝಲ್.

ಝಲ್.

ಬಳೆ ಬೀಳುವ ಸದ್ದು. ಹಿಂದೆ ಮಿಲ್ಲು ನಿಂತಿದೆ, ಒಂದು ರೋಲೂ ತಿರುಗುತ್ತಿಲ್ಲ. ಬಾವಿಯ ಆಳದಲ್ಲಿ ಮಾತ್ರ ಒಂದೊಂದೇ ಬಳೆ, ಬಿಡಿಬಿಡಿಯಾಗಿ, ಯಾರೋ ಕಾಲವನ್ನೇ ಹಿಗ್ಗಿಸಿ ಹಿಡಿದ ಹಾಗೆ ನಿಧಾನಕ್ಕೆ ಬೀಳುತ್ತಿದೆ.  ಷಡ್ಡಕನಿಗೆ ಓಡಬೇಕು ಅನ್ನಿಸಿತು. ಆದರೆ ಅವನು ಹುಟ್ಟಾ ಲೆಕ್ಕದವನು; ಎಣಿಸುವಂಥದ್ದು ಕಿವಿಗೆ ಬಿದ್ದರೆ ಎಣಿಸದೆ ಇರಲಾರ. ಎಣಿಸತೊಡಗಿದ.

ಇಪ್ಪತ್ತು. ಟಣ್.

ಇಪ್ಪತ್ತು. ಟಣ್.

ಇಪ್ಪತ್ತೊಂದು… ಟಣ್.

“ತಪ್ಪಿದ್ರಿ,” ಅಂದ ಷಡ್ಡಕ, ಗಂಟಲಲ್ಲೇ.

“ಎಣಿಸು.”

ಇಪ್ಪತ್ತು. ಟಣ್. ಇಪ್ಪತ್ತು. ಟಣ್. ಇಪ್ಪತ್ತೊಂದು. ಟಣ್. ಇಪ್ಪತ್ತು. ಟಣ್. ಇಪ್ಪತ್ತೊಂದು. ಟಣ್…

ಆಗ ತಲೆಯೊಳಗೆ ದೀಪ ಹತ್ತಿತು. ಇಪ್ಪತ್ತು ಬಳೆಗೆ ಕರಾರುವಾಕ್ಕಾಗಿ ಒಂದು ಸುತ್ತಾದರೆ ಇಪ್ಪತ್ತೊಂದನೆಯದು ಬೀಳುವುದು ಮೊದಲನೆಯದರ ನೆತ್ತಿಯ ಮೇಲೇ. ಇಪ್ಪತ್ತೆರಡನೆಯದು ಎರಡನೆಯದರ ಮೇಲೆ. ಟಬ್ಬಿನ ತುಂಬ ಇಪ್ಪತ್ತು ಗುಪ್ಪೆ ಎದ್ದು, ನಡುವೆ ಇಪ್ಪತ್ತು ಸಂದು ಉಳಿದು, ಯಾವುದೋ ಒಂದು ಗುಪ್ಪೆ ಜಾರಿದರೆ ಇಡೀ ಸುರುಳಿ ವಾಲುತ್ತದೆ. ಪ್ರತಿ ಸುತ್ತೂ ಒಂದು ಚೂರು ಮುಂದೆ ಸರಿಯಬೇಕು. ಸುತ್ತು ಯಾವತ್ತೂ ಪೂರ್ತಿ ಅಂಕಿಗೆ ಕೂಡಿಬರಬಾರದು. ಅಂಗಡಿಯಲ್ಲಿ ಲೆಕ್ಕ ಚೊಕ್ಕವಿರಬೇಕು ಅಂತ ಬೆಳೆದವನು ಟಬ್ಬಿಗೂ ಚೊಕ್ಕ ಲೆಕ್ಕ ಇಟ್ಟಿದ್ದ. ರೋಗ ಅದೇ. ಆರು ರಾತ್ರಿ ತೋಳು ಉಜ್ಜಿದ್ದ, ಬೇರಿಂಗ್ ಬದಲಿಸಿದ್ದ, ಅಂಕಿಯೊಂದನ್ನು ಮಾತ್ರ ಮುಟ್ಟಿರಲಿಲ್ಲ!

ಒಂದು ಟಣ್ ಅಂದರೆ ಒಂದು ಸುತ್ತು; ಉಸಿರು ಹಿಡಿದು ನೂರು ಸುತ್ತು ಎಣಿಸಿದ. ಕೂಡಿಸಿದರೆ ಎರಡು ಸಾವಿರದ ಮೂವತ್ತೇಳು ಬಳೆ. ಸುತ್ತಿಗೆ ಇಪ್ಪತ್ತು ಪಾಯಿಂಟ್ ಮೂರು ಏಳು.

“ಇದಕ್ಕೆ… ನಿಮಗೆ ಏನು ಕೊಡ್ಬೇಕು?” ಅಂದ. ಬಿಟ್ಟಿ ಸಿಕ್ಕಿದ್ದರಲ್ಲಿ ಅವನಿಗೆ ನಂಬಿಕೆಯಿಲ್ಲ. ನನಗೂ ಇಲ್ಲ. “ಮೊದಲೇ ರೇಟು ಮಾತಾಡಿಬಿಡೋಣ.”

“ನನಗೆ ಬೇಕಾದ್ದು ನಿನ್ನ ಹತ್ರ ಇಲ್ಲ.”

ಹಿಂದಿನಿಂದ ಟಾರ್ಚಿನ ಬೆಳಕು ಬಿತ್ತು. “ಯಜಮಾನ್ರೇ! ಒಬ್ಬರೇ ಯಾರ ಜೊತೆ ಮಾತಾಡ್ತಿದ್ದೀರಿ?” ಮೌನಿ ಓಡಿಬಂದ.

ಆಚೆ ಬದಿ ಖಾಲಿ. ಸದ್ದು ನಿಂತಿತ್ತು. ನೀರು ಮಾತ್ರ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

ಏಳನೇ ರಾತ್ರಿ ಶುರುವಿಗೇ ಜಟಾಪಟಿ. ಕಂಟ್ರೋಲ್ ಕ್ಯಾಬಿನ್ನಿನಲ್ಲಿ ಅಂಕಿ ಬದಲಿಸಬೇಕಾದರೆ ಮೇಡಂ ಸಹಿ ಬೇಕು.

“ಇಪ್ಪತ್ತು ಪಾಯಿಂಟ್ ಮೂರು ಏಳು? ಇದೆಂಥ ಅಂಕಿ ರೀ? ಯಾವ ಪುಸ್ತಕದಲ್ಲಿದೆ?”

“ಪುಸ್ತಕದಲ್ಲಿಲ್ಲ.”

“ಮತ್ತೆ?”

“ಹೇಳಿದ್ರೆ ನೀವು ನಗ್ತೀರಿ ಮೇಡಂ.”

“ಆರು ರಾತ್ರಿಯಿಂದ ನಗ್ತಾನೇ ಇದ್ದೀನಿ. ಹೇಳಿ.”

“ಕಟಕಟೆ ತಟ್ಟಿ ಹೇಳಿಕೊಟ್ರು.”

ಅವಳು ನಗಲಿಲ್ಲ. ಗಾಜಿನಾಚೆ ಟಬ್ಬನ್ನು ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದಳು. “ಯಾರು ಅಂತ ನಾನು ಕೇಳಲ್ಲ,” ಅಂದಳು ಮೆಲ್ಲಗೆ. “ನೀವೂ ಹೇಳಬೇಡಿ.”

ಮಿಲ್ಲು ಹೊರಟಿತು. ಕೊಳವೆ ಸುಂಯ್… ಎಂದು ಏರಿತು. ಝರ್ರ್… ಬಳೆಗಳು ಬಿದ್ದವು. ಟಬ್ಬಿನಿಂದ ಮೊದಲ ಸುರುಳಿ ಎದ್ದಿತು. ಅಂಚು ನೆಟ್ಟಗೆ, ನೆತ್ತಿ ಮಟ್ಟ. ಮೌನಿ ಅದರ ಮೇಲೆ ಮಟ್ಟಗೋಲು ಹಿಡಿದು ನೋಡಿ ಜೀವಮಾನದಲ್ಲಿ ಮೊದಲ ಸಲ ಮಾತಿಲ್ಲದೆ ನಿಂತ. ಎರಡನೆಯದು. ಹತ್ತನೆಯದು. ಐವತ್ತು ದಾಟಿದ ಮೇಲೆ ಒಂದು ಸೊಟ್ಟ ಬಂತು. ಷಡ್ಡಕ ಬೆಂಚಿಗೆ ಗುದ್ದಿದ. ನೂರ ನಲವತ್ತರ ಹತ್ತಿರ ಇನ್ನೊಂದು. ಮತ್ತೆ ಗುದ್ದಿದ. ಬೆಳಗಿನ ಜಾವ ಮೂರನೆಯದು. ಆರು ರಾತ್ರಿಯ ಪೆಟ್ಟು ತಿಂದವನಿಗೆ ಒಳ್ಳೆಯದೂ ನಂಬಲು ಬರುವುದಿಲ್ಲ. ಬೆಳಗಿನ ಆರರ ಸೈರನ್ ಕೂಗುವವರೆಗೂ ಕೂರಲಿಲ್ಲ, ನೀರು ಕುಡಿಯಲಿಲ್ಲ, ಬೈಯುತ್ತಲೇ ಇದ್ದ.

ಆಮೇಲೆ ಲೆಕ್ಕ. ಮಿಲ್ಲಿನ ನಿಯಮ ಸರಳ: ಉಕ್ಕಿನ ಒಂದು ಉದ್ದ ಗಟ್ಟಿ ಕುಲುಮೆಯಿಂದ ಒಳಹೋದರೆ ಒಂದು ಸುರುಳಿ ಹೊರಬರಬೇಕು. ಕುಲುಮೆಯ ಪುಸ್ತಕ ತಂದರು. ಅಂಗಳದಲ್ಲಿ ಸುರುಳಿ ಎಣಿಸಿದರು. ಮೇಡಂ ಎಣಿಸಿದಳು, ಮೌನಿ ಎಣಿಸಿದ, ಷಡ್ಡಕ ಎರಡು ಸಲ ಎಣಿಸಿದ.

ಒಂದು ಹೆಚ್ಚು.

ಹುಡುಕಿದರು. ಸಾಲಿನ ಕೊನೆಯಲ್ಲಿತ್ತು. ಅದಕ್ಕೆ ನಂಬರಿನ ಬಿಲ್ಲೆಯಿಲ್ಲ. ತೂಕ ಎರಡು ಟನ್, ಉಳಿದವುಗಳಷ್ಟೇ. ಆ ಮಿಲ್ಲಿನ ಕೊಳವೆ ತಿರುಗುವುದು ಒಂದೇ ದಿಕ್ಕಿಗೆ, ಹಾಗಾಗಿ ಸುರುಳಿಗಳೆಲ್ಲ ಬಲಸುತ್ತು. ಇದು ಎಡಸುತ್ತು. ಬಳೆ ಮೇಲೆ ಬಳೆ ಎಷ್ಟು ಒಪ್ಪವಾಗಿ ಕೂತಿತ್ತೆಂದರೆ ನಡುವೆ ಉಗುರೂ ಇಳಿಯುತ್ತಿರಲಿಲ್ಲ. ಮೌನಿ ಕೈ ಇಟ್ಟು ತಕ್ಷಣ ಹಿಂದೆಗೆದ. ಅಷ್ಟು ಹೊತ್ತಿಗೆ ಸಾಲಿನ ಉಳಿದವೆಲ್ಲ ತಣ್ಣಗಾಗಿದ್ದವು.

“ಇದನ್ನ ಯಾವ ಕಾಲಂಗೆ ಬರೀಲಿ?” ಮೇಡಂ ಕೇಳಿದಳು.

ಷಡ್ಡಕ ಬಗ್ಗಿ ಸುರುಳಿಯ ಅಂಚು ನೋಡಿದ.

“ಚೆನ್ನಾಗಿದೆಯಲ್ಲ ಮೇಡಂ. ಒಳ್ಳೆಯದರ ಕಡೆ ಬರೀರಿ.”

ಬರೆದಳು. ಆ ಹಾಳೆಯ ನಕಲು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಮೂರು ಜನರ ಸಹಿ ಇದೆ, ಬೇಕಾದರೆ ಹಗಲು ಹೊತ್ತಿನಲ್ಲಿ ಬನ್ನಿ, ತೋರಿಸುತ್ತೇನೆ. ಸುಳ್ಳು ಹೇಳಿ ನನಗೆ ಬರುವ ಲಾಭವಾದರೂ ಏನು? ಬರೆದದ್ದು ಬರೆದ ಹಾಗೇ ಹೇಳುತ್ತೇನೆ: ಒಳಗೆ ಹೋದ ಗಟ್ಟಿ ಇನ್ನೂರ ಎಂಬತ್ತಾರು. ಕೆಟ್ಟ ಸುರುಳಿ ಮೂರು. ಒಳ್ಳೆಯ ಸುರುಳಿ ಇನ್ನೂರ ಎಂಬತ್ತನಾಲ್ಕು. ಹೊರಗೆ ಬಂದದ್ದು ಒಟ್ಟು ಇನ್ನೂರ ಎಂಬತ್ತೇಳು.